ತೂಕ, ನೀರು, ಹಿಮೋಗ್ಲೋಬಿನ್: ಡಯಾಲಿಸಿಸ್ ಫೈಲನ್ನು ಮನೆಯವರು ಓದುವ ಕ್ರಮ

ಡಯಾಲಿಸಿಸ್ ಆರಂಭವಾದ ಮನೆಯಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದು ಫೈಲು ದಪ್ಪವಾಗುತ್ತದೆ. ಅದರಲ್ಲಿ ಹತ್ತಾರು ಅಂಕಿಗಳಿದ್ದರೂ ಮನೆಯವರಿಗೆ ಬಾಯಿಪಾಠವಾಗುವುದು ಎರಡೇ: ತೂಕ ಎಷ್ಟು, ಹಿಮೋಗ್ಲೋಬಿನ್ ಎಷ್ಟು. ತೂಕ ಇಳಿಯದಿದ್ದರೆ ಊಟ ಚೆನ್ನಾಗಿ ಹಿಡಿಯುತ್ತಿದೆ ಎಂಬ ಸಮಾಧಾನ. ಹಿಮೋಗ್ಲೋಬಿನ್ ಇಳಿದರೆ ದಾಳಿಂಬೆ, ಬೀಟ್‌ರೂಟ್ ತರುವ ಗಡಿಬಿಡಿ. ಈ ಸಮಾಧಾನವೂ ಗಡಿಬಿಡಿಯೂ ಎರಡೂ ತಪ್ಪಾಗಿರಬಹುದು. ಮೂತ್ರಪಿಂಡ ಕೆಲಸ ನಿಲ್ಲಿಸಿದ ದೇಹದಲ್ಲಿ ನಿಂತ ನೀರು ತೂಕವನ್ನು ಹೆಚ್ಚಾಗಿ ತೋರಿಸುತ್ತದೆ, ಹಿಮೋಗ್ಲೋಬಿನ್ ಅನ್ನು ಕಡಿಮೆಯಾಗಿ ತೋರಿಸುತ್ತದೆ. ಹಾಗಾಗಿ ಮೊದಲು ನೀರನ್ನು ಅಳೆಯಬೇಕು, ಆಮೇಲೆ ಸ್ನಾಯುವನ್ನು, ಅನಂತರ ರಕ್ತವನ್ನು. ಈ ಬರಹ ಅದೇ ಕ್ರಮದಲ್ಲಿದೆ.

ಫೈಲು ಹಿಡಿದು ಆಸ್ಪತ್ರೆಗೆ ಓಡಾಡುವವರು ಯಾರೇ ಆಗಿರಲಿ, ಹೆಂಡತಿಯೋ ಮಗನೋ ಮಗಳೋ ಅಥವಾ ರೋಗಿಯೇ, ಇದು ಅವರಿಗಾಗಿ. ಹಿಮೋಗ್ಲೋಬಿನ್ ಏರಿಸುವ ಇಂಜೆಕ್ಷನ್ನಿನ ಪ್ರಮಾಣ ಬದಲಿಸುವುದು, ಕಬ್ಬಿಣಾಂಶ ಕೊಡುವುದು, ಒಣ ತೂಕ ನಿಗದಿ ಮಾಡುವುದು ನೆಫ್ರಾಲಜಿ (ಮೂತ್ರಪಿಂಡ) ವೈದ್ಯರ ಕೆಲಸ. ಅವರ ಮುಂದೆ ಸರಿಯಾದ ಅಂಕಿಗಳನ್ನು ಇಡುವುದು, ಸರಿಯಾದ ಪ್ರಶ್ನೆ ಕೇಳುವುದು ನಮ್ಮ ಕೆಲಸ.

1. ತೂಕವನ್ನು ಸರಿಯಾಗಿ ತೆಗೆದುಕೊಳ್ಳಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಡಯಾಲಿಸಿಸ್‌ಗೆ ಒಂದು ಸಾಲು: ದಿನಾಂಕ, ಮೊದಲಿನ ತೂಕ, ನಂತರದ ತೂಕ, ಎಷ್ಟು ನೀರು ತೆಗೆದರು, ಮೊದಲು ಮತ್ತು ನಂತರದ ರಕ್ತದೊತ್ತಡ, ಸೆಳೆತ ಅಥವಾ ತಲೆಸುತ್ತು ಬಂತೇ. ಎರಡೂ ಬಾರಿ ಅದೇ ತಕ್ಕಡಿ, ಅದೇ ಬಗೆಯ ಬಟ್ಟೆ. ಚಪ್ಪಲಿ, ಸ್ವೆಟರ್, ಜೇಬಿನ ಮೊಬೈಲ್ ಹೊರಗಿರಲಿ. ಮನೆಯ ತಕ್ಕಡಿಗೂ ಆಸ್ಪತ್ರೆಯ ತಕ್ಕಡಿಗೂ ಒಂದು ಕಿಲೋ ವ್ಯತ್ಯಾಸವಿದ್ದರೆ ಗಾಬರಿ ಬೇಡ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ, ಬೆರೆಸಬೇಡಿ.

ಹೆಚ್ಚುವರಿ ನೀರೆಲ್ಲ ಹೋದ ಮೇಲೆ, ಬಾವು ಇಲ್ಲದೆ, ಏದುಸಿರಿಲ್ಲದೆ, ರಕ್ತದೊತ್ತಡ ಕುಸಿಯದೆ ರೋಗಿ ಆರಾಮವಾಗಿರಬಲ್ಲ ಅತಿ ಕಡಿಮೆ ತೂಕವೇ ಒಣ ತೂಕ. ಡಯಾಲಿಸಿಸ್ ಘಟಕದಲ್ಲಿ ಎಲ್ಲರೂ ಡ್ರೈ ವೇಟ್ ಎನ್ನುವುದು ಇದಕ್ಕೇ. ಇದನ್ನು ಒಮ್ಮೆ ಬರೆದು ವರ್ಷಗಟ್ಟಲೆ ಹಾಗೇ ಬಿಟ್ಟುಬಿಡುವುದು ನಮ್ಮ ಘಟಕಗಳಲ್ಲಿ ಬಹಳ ಸಾಮಾನ್ಯ. ಅಪಾಯ ಇರುವುದು ಅಲ್ಲೇ. ಒಬ್ಬರ ಒಣ ತೂಕ 58 ಕಿಲೋ ಎಂದು ಬರೆದಿದೆ ಎನ್ನಿ. ಜ್ವರ ಬಂದು, ಊಟ ಸೇರದೆ ಎರಡು ತಿಂಗಳಲ್ಲಿ ಎರಡು ಕಿಲೋ ಸ್ನಾಯು ಕರಗಿತು. ಈಗ ಅವರ ನಿಜವಾದ ಒಣ ತೂಕ 56. ಯಂತ್ರ ಮಾತ್ರ ಈಗಲೂ 58ಕ್ಕೆ ನಿಲ್ಲುತ್ತದೆ. ಕರಗಿದ ಸ್ನಾಯುವಿನ ಜಾಗದಲ್ಲಿ ಎರಡು ಲೀಟರ್ ನೀರು ದೇಹದಲ್ಲೇ ಉಳಿಯುತ್ತದೆ, ತಕ್ಕಡಿ ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವುದಿಲ್ಲ. ಇದರ ವಿರುದ್ಧವೂ ಆಗುತ್ತದೆ: ಹಸಿವು ಮರಳಿ ಮೈ ತುಂಬಿಕೊಂಡವರನ್ನು ಹಳೆಯ ಒಣ ತೂಕಕ್ಕೇ ಎಳೆದರೆ ಸೆಳೆತ, ತಲೆಸುತ್ತು, ರಕ್ತದೊತ್ತಡ ಕುಸಿತ.

ಆದ್ದರಿಂದ ಆಸ್ಪತ್ರೆಗೆ ದಾಖಲಾಗಿ ಬಂದ ಮೇಲೆ, ದೀರ್ಘ ಕಾಯಿಲೆಯ ನಂತರ, ಹಸಿವಿನಲ್ಲಿ ಎದ್ದು ಕಾಣುವ ಬದಲಾವಣೆಯಾದಾಗ ಒಣ ತೂಕವನ್ನು ಮತ್ತೆ ನೋಡಿ ಎಂದು ಕೇಳಿ. ಏನೂ ಆಗದಿದ್ದರೂ ತಿಂಗಳಿಗೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ.

2. ನೀರಿನ ಲೆಕ್ಕ

ಎರಡು ಡಯಾಲಿಸಿಸ್‌ಗಳ ನಡುವೆ ಏರಿದ ತೂಕ ಬಹುಪಾಲು ನೀರೇ. ಒಂದು ಕಿಲೋ ಎಂದರೆ ಸರಿಸುಮಾರು ಒಂದು ಲೀಟರ್. ಒಣ ತೂಕದ ಶೇ. 4ರಿಂದ 4.5ರ ಒಳಗೆ ಈ ಏರಿಕೆ ಇರಲಿ ಎಂಬುದು ಸಾಮಾನ್ಯ ಸಲಹೆ. 60 ಕಿಲೋದವರಿಗೆ ಅದು ಎರಡೂವರೆ ಕಿಲೋ ಚಿಲ್ಲರೆ.

ತೆಗೆಯುವ ವೇಗಕ್ಕೂ ಮಿತಿ ಇದೆ. ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ 13 ಮಿಲಿಲೀಟರ್‌ಗಿಂತ ವೇಗವಾಗಿ ನೀರು ಸೆಳೆದಾಗ ಹೃದಯಕ್ಕೆ ಹೊರೆ ಹೆಚ್ಚು. 60 ಕಿಲೋ, ನಾಲ್ಕು ಗಂಟೆ ಎಂದು ಗುಣಿಸಿ ನೋಡಿ: 3,120 ಮಿಲಿಲೀಟರ್. ಅಂದರೆ ನಾಲ್ಕು ಕಿಲೋ ಏರಿಸಿಕೊಂಡು ಹೋಗಿ "ಇವತ್ತೇ ಎಲ್ಲ ತೆಗೆದುಬಿಡಿ" ಎಂದು ತಂತ್ರಜ್ಞರನ್ನು ಒತ್ತಾಯಿಸುವುದು ನಮಗೆ ನಾವೇ ಮಾಡಿಕೊಳ್ಳುವ ಕೇಡು. ವಾರಕ್ಕೆ ಮೂರು ಬಾರಿ ಆಗಬೇಕಾದ ಡಯಾಲಿಸಿಸ್ ದೂರ, ಖರ್ಚು, ಯಂತ್ರಗಳ ಕೊರತೆಯಿಂದ ಎರಡೇ ಬಾರಿ ಆಗುವವರಿಗೆ ಈ ಲೆಕ್ಕ ಇನ್ನೂ ಬಿಗಿ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಬಡ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುತ್ತಿದೆ. ಮೂರನೆಯ ಸರದಿ ಸಿಗುವ ಸಾಧ್ಯತೆ ಇದ್ದರೆ ವಿಚಾರಿಸದೆ ಬಿಡಬೇಡಿ.

ನೀರು ಕಡಿಮೆ ಮಾಡಲು ಲೋಟ ಬಚ್ಚಿಟ್ಟರೆ ಪ್ರಯೋಜನವಿಲ್ಲ. ಬಾಯಾರಿಕೆ ಬರುವುದು ಉಪ್ಪಿನಿಂದ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ತಿನಿಸು ಇವನ್ನು ಮೊದಲು ಕಡಿಮೆ ಮಾಡಿ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ ಎಲ್ಲವೂ ಮುಗಿಯಬೇಕು. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ ಉಪ್ಪು" ಮಾತ್ರ ಖಂಡಿತ ಬೇಡ. ಸೋಡಿಯಂ ಜಾಗದಲ್ಲಿ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದು ಡಯಾಲಿಸಿಸ್ ರೋಗಿಯ ಹೃದಯದ ಬಡಿತವನ್ನೇ ಕೆಡಿಸಬಲ್ಲದು.

3. ಟೇಪು, ಕುರ್ಚಿ, ಗಡಿಯಾರ

ಸ್ನಾಯುವಿನ ಅಂದಾಜಿಗೆ ದುಬಾರಿ ಯಂತ್ರ ಬೇಕಿಲ್ಲ. ಹೊಲಿಗೆಯವರ ಟೇಪು ಸಾಕು, ತಿಂಗಳಿಗೊಮ್ಮೆ ಸಾಕು. ಅಳತೆ ಡಯಾಲಿಸಿಸ್ ಮುಗಿದ ಮೇಲೆ ಆಗಬೇಕು, ಇಲ್ಲದಿದ್ದರೆ ನೀರನ್ನೂ ಸೇರಿಸಿ ಅಳೆದಂತಾಗುತ್ತದೆ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇಲ್ಲದ ತೋಳನ್ನು ಆರಿಸಿಕೊಳ್ಳಿ. ಭುಜದ ಮೂಳೆಯ ತುದಿಯಿಂದ ಮೊಣಕೈ ಮೂಳೆಯ ತುದಿವರೆಗೆ ಅಳೆದು ನಡುಬಿಂದುವಿಗೆ ಪೆನ್ನಿನಿಂದ ಗುರುತು ಹಾಕಿ. ತೋಳನ್ನು ಸಡಿಲವಾಗಿ ಇಳಿಬಿಟ್ಟು ಆ ಗುರುತಿನ ಸುತ್ತಳತೆ ಬರೆದುಕೊಳ್ಳಿ. ಟೇಪು ಚರ್ಮವನ್ನು ಮುಟ್ಟಬೇಕು, ಒತ್ತಬಾರದು. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಯೂ ಇರಲಿ. ಕಾಲಿನಲ್ಲಿ ಬಾವು ಇದ್ದ ದಿನ ಆ ಅಳತೆಗೆ ಬೆಲೆಯಿಲ್ಲ.

ಅಳತೆಗಿಂತ ಶಕ್ತಿಯೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಎಷ್ಟು ಸೆಕೆಂಡು ಬೇಕು ನೋಡಿ. ಡಯಾಲಿಸಿಸ್ ಇಲ್ಲದ ದಿನ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ ಮಾತ್ರ ಇದನ್ನು ಮಾಡಿಸಿ. ಸ್ನಾಯು ಸವೆತದ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಾನದಂಡದಲ್ಲಿ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ದೌರ್ಬಲ್ಯದ ಸೂಚನೆ. ಮೀನಖಂಡ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಗಮನ ಕೊಡಬೇಕು. ಆಸ್ಪತ್ರೆಯಲ್ಲಿ ಹಿಡಿತದ ಬಲ ಅಳೆಯುವ ಉಪಕರಣ ಇದ್ದರೆ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ ಗಡಿ. ಈ ಗಡಿಗಳು ಡಯಾಲಿಸಿಸ್ ರೋಗಿಗಳಿಗೆಂದೇ ಮಾಡಿದವಲ್ಲ. ನಿಮ್ಮದೇ ಹಿಂದಿನ ತಿಂಗಳ ಅಂಕಿಗಿಂತ ಈ ತಿಂಗಳದ್ದು ಎತ್ತ ಸಾಗಿದೆ ಎಂಬುದೇ ಮುಖ್ಯ.

4. ಬಯೋಇಂಪಿಡೆನ್ಸ್ ಯಂತ್ರ ಇದ್ದರೆ

ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಕೈಕಾಲಿಗೆ ಪಟ್ಟಿ ಅಂಟಿಸಿ ಕೆಲವೇ ನಿಮಿಷಗಳಲ್ಲಿ ದೇಹದ ನೀರು, ಸ್ನಾಯು, ಕೊಬ್ಬನ್ನು ಬೇರೆ ಬೇರೆಯಾಗಿ ಅಂದಾಜಿಸುವ ಯಂತ್ರವಿದೆ. ತತ್ತ್ವ ಸರಳ. ಅನುಭವಕ್ಕೇ ಬಾರದಷ್ಟು ಸಣ್ಣ ವಿದ್ಯುತ್ತನ್ನು ದೇಹದ ಮೂಲಕ ಹರಿಸುತ್ತಾರೆ. ಉಪ್ಪುನೀರಿರುವ ಸ್ನಾಯುವಿನಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಕೊಬ್ಬು ತಡೆಯುತ್ತದೆ. ಕಡಿಮೆ ಆವರ್ತನದ ವಿದ್ಯುತ್ತು ಜೀವಕೋಶದ ಹೊರಗಷ್ಟೇ ಹರಿಯುತ್ತದೆ, ಹೆಚ್ಚಿನ ಆವರ್ತನದ್ದು ಕೋಶದ ಒಳಗೂ ನುಗ್ಗುತ್ತದೆ. ಈ ವ್ಯತ್ಯಾಸದಿಂದ ಕೋಶದ ಹೊರಗಿನ ನೀರು ಎಷ್ಟು, ಒಳಗಿನದು ಎಷ್ಟು ಎಂದು ಲೆಕ್ಕ ಹಾಕುತ್ತಾರೆ.

ಸಾಮಾನ್ಯವಾಗಿ ಡಯಾಲಿಸಿಸ್‌ಗೆ ಮುಂಚೆ, ಐದು-ಹತ್ತು ನಿಮಿಷ ಅಂಗಾತ ಮಲಗಿದ ಮೇಲೆ ಅಳೆಯುತ್ತಾರೆ. ಪಟ್ಟಿ ಅಂಟಿಸುವುದು ಫಿಸ್ಟುಲಾ ಇಲ್ಲದ ಬದಿಗೆ. ಬಳೆ, ಕಾಲುಂಗುರ, ಗೆಜ್ಜೆ, ಕೈಗಡಿಯಾರ ತೆಗೆದಿಡಿ. ತೋಳು ಮೈಗೆ, ತೊಡೆ ತೊಡೆಗೆ, ಕೈ ಮಂಚದ ಕಬ್ಬಿಣಕ್ಕೆ ತಾಗಬಾರದು. ಪ್ರತಿ ತಿಂಗಳೂ ಇದೇ ರೀತಿಯಲ್ಲಿ ಮಾಡಿದರೆ ಮಾತ್ರ ಹೋಲಿಕೆಗೆ ಅರ್ಥ. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಮೊದಲೇ ಹೇಳಬೇಕು, ಅವರಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಲ್ಲಿ ಫಲಿತಾಂಶ ನಂಬುವಂತಿರುವುದಿಲ್ಲ.

ಕೈಗೆ ಬರುವ ಹಾಳೆಯಲ್ಲಿ ಮೂರು ಸಾಲು ನೋಡಿ. ಮೊದಲನೆಯದು ಹೆಚ್ಚುವರಿ ನೀರು, ಲೀಟರ್‌ಗಳಲ್ಲಿ. ಆರೋಗ್ಯವಂತರಲ್ಲಿ ಇದು ಸೊನ್ನೆಯ ಆಚೀಚೆ ಸುಮಾರು 1.1 ಲೀಟರ್ ಒಳಗಿರುತ್ತದೆ. ಡಯಾಲಿಸಿಸ್‌ಗೆ ಮುಂಚೆ ಕೋಶದ ಹೊರಗಿನ ನೀರಿನ ಶೇ. 15ಕ್ಕಿಂತ ಹೆಚ್ಚಿದ್ದರೆ, ಅಂದರೆ ಸುಮಾರು ಎರಡೂವರೆ ಲೀಟರ್ ದಾಟಿದ್ದರೆ, ಅಂಥವರಲ್ಲಿ ಸಾವಿನ ಅಪಾಯ ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡನೆಯದು ಎತ್ತರಕ್ಕೆ ಹೊಂದಿಸಿದ ಸ್ನಾಯುವಿನ ಸೂಚ್ಯಂಕ. ಮೂರನೆಯದು ಕೊಬ್ಬಿನ ಸೂಚ್ಯಂಕ. ತೂಕ ಹಾಗೇ ಇದ್ದು ಸ್ನಾಯು ಇಳಿದು ನೀರು ಏರಿದ್ದರೆ, ಮೇಲೆ ಹೇಳಿದ 58 ಕಿಲೋದ ಕಥೆಯೇ ನಿಮ್ಮ ಮನೆಯಲ್ಲೂ ನಡೆಯುತ್ತಿದೆ.

ಮನೆಗೆ ತರಿಸಿಕೊಳ್ಳುವ, ಕೊಬ್ಬಿನ ಶೇಕಡಾವಾರು ತೋರಿಸುವ ಡಿಜಿಟಲ್ ತಕ್ಕಡಿಯನ್ನು ಇದರ ಬದಲಿಗೆ ನಂಬಬೇಡಿ. ಅವು ದೇಹದಲ್ಲಿ ನೀರು ಸಹಜ ಪ್ರಮಾಣದಲ್ಲಿದೆ ಎಂದುಕೊಂಡೇ ಲೆಕ್ಕ ಹಾಕುತ್ತವೆ. ಡಯಾಲಿಸಿಸ್ ರೋಗಿಯಲ್ಲಿ ಇಲ್ಲದಿರುವುದೇ ಅದು. ದೊಡ್ಡ ಯಂತ್ರ ನಿಮ್ಮ ತಾಲ್ಲೂಕಿನಲ್ಲಿ ಇಲ್ಲವೆಂದು ಕೊರಗಬೇಕಾಗಿಲ್ಲ. ಪಾದದ ಬಾವು, ಮಲಗಿದಾಗಿನ ಏದುಸಿರು, ರಕ್ತದೊತ್ತಡ, ಅಗತ್ಯವಿದ್ದರೆ ಎದೆಯ ಎಕ್ಸ್-ರೇ ನೋಡಿ ಒಣ ತೂಕ ನಿರ್ಧರಿಸುವ ವೈದ್ಯರು ಬಹಳ ಮಂದಿ ಇದ್ದಾರೆ. ಅವರಿಗೆ ನಿಮ್ಮ ನೋಟ್‌ಬುಕ್ ನೆರವಾಗುತ್ತದೆ.

5. ಈಗ ಹಿಮೋಗ್ಲೋಬಿನ್

ಸಾರಿಗೆ ಎರಡು ಲೋಟ ನೀರು ಬೆರೆಸಿದರೆ ಬೇಳೆ ಕಡಿಮೆಯಾಗುವುದಿಲ್ಲ, ಸಾರು ತೆಳುವಾಗುತ್ತದೆ. ರಕ್ತದಲ್ಲೂ ಅದೇ. ಡಯಾಲಿಸಿಸ್‌ಗೆ ಮುಂಚೆ ತೆಗೆದ ರಕ್ತದಲ್ಲಿ 9.4 ಇದ್ದ ಹಿಮೋಗ್ಲೋಬಿನ್, ಮೂರು ಲೀಟರ್ ನೀರು ಹೋದ ಮೇಲೆ 10 ದಾಟಬಹುದು. ನಾಲ್ಕು ಗಂಟೆಯಲ್ಲಿ ಹೊಸ ರಕ್ತವೇನೂ ಹುಟ್ಟಿರುವುದಿಲ್ಲ.

ಹಾಗಾಗಿ ರಕ್ತ ಯಾವಾಗಲೂ ಡಯಾಲಿಸಿಸ್ ಆರಂಭಕ್ಕೆ ಮುಂಚೆ, ಸಾಧ್ಯವಾದರೆ ವಾರದ ನಡುವಿನ ಸರದಿಯಲ್ಲಿ ಕೊಡಿ. ದೀರ್ಘ ಬಿಡುವಿನ ನಂತರದ ಸೋಮವಾರ ನೀರು ಹೆಚ್ಚಿರುತ್ತದೆ, ಅಂಕಿ ಇನ್ನಷ್ಟು ಕೆಳಗಿರುತ್ತದೆ. ವರದಿಯ ಪಕ್ಕದಲ್ಲೇ ಆ ದಿನ ಒಣ ತೂಕಕ್ಕಿಂತ ಎಷ್ಟು ಕಿಲೋ ಹೆಚ್ಚಿತ್ತು ಎಂದು ಬರೆಯಿರಿ. ಹಿಮೋಗ್ಲೋಬಿನ್ ಒಂದು ಗ್ರಾಂ ಇಳಿದ ದಿನವೇ ತೂಕ ಎರಡು ಕಿಲೋ ಏರಿದ್ದರೆ, ಇಂಜೆಕ್ಷನ್ ಹೆಚ್ಚಿಸುವ ಮೊದಲು ನೀರಿನ ಕಡೆ ನೋಡಲಿ ಎಂದು ವೈದ್ಯರ ಗಮನಕ್ಕೆ ತನ್ನಿ. ಈ ಒಂದು ಟಿಪ್ಪಣಿ ಎಷ್ಟೋ ದುಬಾರಿ ಇಂಜೆಕ್ಷನ್‌ಗಳನ್ನು ಉಳಿಸುತ್ತದೆ.

ನೀರಿನ ಪಾಲು ಕಳೆದ ಮೇಲೂ ಉಳಿಯುವ ರಕ್ತಹೀನತೆ ನಿಜವಾದದ್ದು. ರಕ್ತಕಣ ತಯಾರಿಸಲು ಮೂಳೆಮಜ್ಜೆಗೆ ಆಜ್ಞೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಹುಟ್ಟುವುದು ಮೂತ್ರಪಿಂಡದಲ್ಲಿ. ಅದು ಕೆಟ್ಟರೆ ಆಜ್ಞೆ ನಿಲ್ಲುತ್ತದೆ. ಇದರ ಜೊತೆಗೆ ಪ್ರತಿ ಬಾರಿ ಕೊಳವೆಗಳಲ್ಲಿ, ರಕ್ತ ಸೋಸುವ ಡಯಲೈಜರ್‌ನಲ್ಲಿ ಸ್ವಲ್ಪ ರಕ್ತ ಉಳಿದುಹೋಗುತ್ತದೆ. ಪರೀಕ್ಷೆಗಳಿಗೂ ಹೋಗುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಒಂದರಿಂದ ಎರಡು ಗ್ರಾಂ ಕಬ್ಬಿಣಾಂಶ ಹೀಗೆ ಸೋರಿಹೋಗುತ್ತದೆ. ಊಟದಿಂದ ಅಷ್ಟನ್ನು ತುಂಬಿಕೊಳ್ಳುವುದು ಈ ರೋಗಿಗಳಿಗೆ ಆಗದ ಮಾತು.

6. ಕಬ್ಬಿಣಾಂಶದ ಎರಡು ವರದಿಗಳು

ಫೆರಿಟಿನ್ ಎಂದರೆ ಉಗ್ರಾಣದಲ್ಲಿರುವ ಕಬ್ಬಿಣಾಂಶದ ಸೂಚನೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ವರದಿಯಲ್ಲಿ ಟಿಸ್ಯಾಟ್, ಈಗ ರಕ್ತದಲ್ಲಿ ಸಾಗಾಟದಲ್ಲಿರುವ ಕಬ್ಬಿಣಾಂಶದ ಸೂಚನೆ. ಒಂದನ್ನು ಮಾತ್ರ ನೋಡಿದರೆ ದಾರಿ ತಪ್ಪುತ್ತದೆ.

ಡಯಾಲಿಸಿಸ್ ರೋಗಿಯಲ್ಲಿ ಫೆರಿಟಿನ್ 200ಕ್ಕಿಂತ ಕಡಿಮೆ, ಟಿಸ್ಯಾಟ್ ಶೇ. 20ಕ್ಕಿಂತ ಕಡಿಮೆ ಇದ್ದರೆ ಉಗ್ರಾಣವೇ ಬರಿದು. ಫೆರಿಟಿನ್ 600, ಟಿಸ್ಯಾಟ್ 15 ಎಂದು ಬಂದರೆ ಕಬ್ಬಿಣಾಂಶ ಒಳಗಿದೆ, ಹೊರಗೆ ಬರುತ್ತಿಲ್ಲ. ದೇಹದಲ್ಲಿ ಎಲ್ಲೋ ಉರಿಯೂತ ಅಥವಾ ಸೋಂಕು ಇದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ವಸ್ತುವನ್ನು ಹೆಚ್ಚು ಬಿಡುತ್ತದೆ, ಅದು ಉಗ್ರಾಣಕ್ಕೆ ಬೀಗ ಹಾಕುತ್ತದೆ. ಆಗ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಫೆರಿಟಿನ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಕಬ್ಬಿಣಾಂಶ ಸಾಕಷ್ಟಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಕಬ್ಬಿಣಾಂಶದ ಮಾತ್ರೆ ಡಯಾಲಿಸಿಸ್‌ನಲ್ಲಿ ಸಾಮಾನ್ಯವಾಗಿ ಸಾಲದು. ಯಂತ್ರದ ಕೊಳವೆಯ ಮೂಲಕವೇ ಐರನ್ ಸುಕ್ರೋಸ್ ಕೊಡುತ್ತಾರೆ. ಇದರ ಬಗ್ಗೆ ಜನರಲ್ಲಿ ಅನಗತ್ಯ ಭಯವಿದೆ. ಬ್ರಿಟನ್ನಿನಲ್ಲಿ 2,141 ಹಿಮೋಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪಿವೋಟಲ್ ಎಂಬ ಅಧ್ಯಯನದಲ್ಲಿ, ನಿಗದಿತ ಮಿತಿಯೊಳಗೆ ತಿಂಗಳಿಗೆ 400 ಮಿಲಿಗ್ರಾಂ ಕಬ್ಬಿಣಾಂಶವನ್ನು ಮುಂಚಿತವಾಗಿಯೇ ಕೊಟ್ಟವರಿಗೆ ಎರಿತ್ರೊಪೊಯೆಟಿನ್ ಕಡಿಮೆ ಸಾಕಾಯಿತು, ರಕ್ತ ಏರಿಸುವ ಅಗತ್ಯವೂ ಕಡಿಮೆಯಾಯಿತು, ಹೃದಯದ ತೊಂದರೆಗಳು ಹೆಚ್ಚಲಿಲ್ಲ. ಆದರೆ ಮೈಯಲ್ಲಿ ಸಕ್ರಿಯ ಸೋಂಕಿರುವಾಗ ಇದನ್ನು ಮುಂದೂಡುತ್ತಾರೆ. ಜ್ವರ, ಚಳಿ ಇದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿ. ಕಬ್ಬಿಣಾಂಶ ಏರಿಸಿದ ಮೇಲೆ ಕನಿಷ್ಠ ಒಂದು ವಾರ ಬಿಟ್ಟು ಫೆರಿಟಿನ್ ಪರೀಕ್ಷೆ ಮಾಡಿಸಿ.

7. ಇಂಜೆಕ್ಷನ್, ಮತ್ತು ಹಿಮೋಗ್ಲೋಬಿನ್ 13 ಏಕೆ ಬೇಡ

ಎರಿತ್ರೊಪೊಯೆಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಔಷಧ ಅಂಗಡಿಯಲ್ಲಿ ಕೊಂಡು ಬಿಸಿಲಲ್ಲಿ ಎರಡು ಗಂಟೆ ಬಸ್ಸಿನಲ್ಲಿ ತರುವವರು ಐಸ್ ಪ್ಯಾಕ್ ಇರುವ ಚೀಲ ಒಯ್ಯಿರಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಫ್ರಿಜ್ಜಿನ ಫ್ರೀಜರ್‌ನಲ್ಲಿ ಇಡಬೇಡಿ, ಅಲುಗಾಡಿಸಬೇಡಿ. ಹೆಪ್ಪುಗಟ್ಟಿದ ಇಂಜೆಕ್ಷನ್ ಕರಗಿದರೂ ಬಳಸುವಂತಿಲ್ಲ.

ಬಹುಪಾಲು ರೋಗಿಗಳಲ್ಲಿ ಗುರಿ 10ರಿಂದ 11.5ರ ಒಳಗೆ. ಆರೋಗ್ಯವಂತ ಗಂಡಸಿಗೆ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುವಾಗ ಇವರಿಗೇಕೆ ಅಷ್ಟಕ್ಕೇ ನಿಲ್ಲಿಸುತ್ತಾರೆ ಎಂದು ಮನೆಯವರು ಮುನಿಸಿಕೊಳ್ಳುವುದುಂಟು. ಹೃದ್ರೋಗವಿದ್ದ 1,233 ಹಿಮೋಡಯಾಲಿಸಿಸ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಜೆಕ್ಷನ್ನಿನಿಂದ ರಕ್ತಕಣಗಳನ್ನು ಸಹಜ ಮಟ್ಟಕ್ಕೆ ಏರಿಸಲು ಹೊರಟಾಗ ಪ್ರಯೋಜನ ಕಾಣಲಿಲ್ಲ. ಆ ಗುಂಪಿನಲ್ಲೇ ಸಾವು ಮತ್ತು ಹೃದಯಾಘಾತ ಹೆಚ್ಚು ಕಂಡಿದ್ದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮುಂದಿನ ಅಧ್ಯಯನಗಳೂ ಇದೇ ಎಚ್ಚರಿಕೆ ಕೊಟ್ಟವು. ನಾಲ್ಕು ವಾರದಲ್ಲಿ ಎರಡು ಗ್ರಾಂಗಿಂತ ವೇಗವಾಗಿ ಏರುವುದೂ ಒಳ್ಳೆಯದಲ್ಲ, ರಕ್ತದೊತ್ತಡ ಏರುತ್ತದೆ.

2022ರಿಂದ ಭಾರತದಲ್ಲಿ ಇದೇ ರಕ್ತಹೀನತೆಗೆ ಡೆಸಿಡುಸ್ಟಾಟ್ ಎಂಬ ಮಾತ್ರೆಯೂ ಇದೆ. ವಾರಕ್ಕೆ ಮೂರು ದಿನ ನುಂಗುವಂಥದ್ದು. ಎಲ್ಲರಿಗೂ ಹೊಂದುವುದಿಲ್ಲ. ವೈದ್ಯರೇ ನಿರ್ಧರಿಸಲಿ.

8. ಇಂಜೆಕ್ಷನ್ ಕೊಟ್ಟರೂ ಏರದಿದ್ದರೆ

ಮೇಲಿನ ಎಲ್ಲ ಅಳತೆಗಳೂ ಕೆಲಸಕ್ಕೆ ಬರುವುದು ಇಲ್ಲಿ. ಒಂದು ಸಣ್ಣ ಲೆಕ್ಕ ಮಾಡಿ: ವಾರದ ಒಟ್ಟು ಇಂಜೆಕ್ಷನ್ ಯೂನಿಟ್ಟುಗಳನ್ನು ಒಣ ತೂಕದಿಂದ ಭಾಗಿಸಿ, ಬಂದದ್ದನ್ನು ಹಿಮೋಗ್ಲೋಬಿನ್‌ನಿಂದ ಭಾಗಿಸಿ. ವಾರಕ್ಕೆ 8,000 ಯೂನಿಟ್, 60 ಕಿಲೋ, ಹಿಮೋಗ್ಲೋಬಿನ್ 10 ಎಂದರೆ 13.3. ಮೂರು ತಿಂಗಳಲ್ಲಿ ಇದು 13ರಿಂದ 20ಕ್ಕೆ ಏರಿದರೆ ಔಷಧ ನಾಟುತ್ತಿಲ್ಲ ಎಂದರ್ಥ. ಅದೇ ಅವಧಿಯಲ್ಲಿ ತೋಳಿನ ಸುತ್ತಳತೆಯೂ ಇಳಿದಿದ್ದು, ರಕ್ತದ ಪ್ರೋಟೀನಾದ ಅಲ್ಬುಮಿನ್ ಇಳಿದು ಸಿಆರ್‌ಪಿ ಏರಿದ್ದರೆ, ಸ್ನಾಯುವನ್ನು ತಿನ್ನುತ್ತಿರುವ ಉರಿಯೂತವೇ ರಕ್ತವನ್ನೂ ತಡೆಯುತ್ತಿರುವ ಸಾಧ್ಯತೆ ಬಲವಾಗಿದೆ. ಡಯಾಲಿಸಿಸ್‌ಗೆ ಹಾಕಿದ ಕ್ಯಾಥೆಟರ್ ಕೊಳವೆಯ ಸೋಂಕು, ಹುಳುಕು ಹಲ್ಲು, ಕಾಲಿನ ಹುಣ್ಣು, ಕ್ಷಯ, ವಿಫಲವಾಗಿ ಒಳಗೇ ಉಳಿದ ಕಸಿ ಮೂತ್ರಪಿಂಡ ಇವೆಲ್ಲ ಶಂಕಿತರು.

ಬೇರೆ ಕಾರಣಗಳೂ ಇವೆ: ತಪ್ಪಿಸಿಕೊಂಡ ಡಯಾಲಿಸಿಸ್ ಸರದಿಗಳು, ಪ್ಯಾರಾಥೈರಾಯ್ಡ್ ಹಾರ್ಮೋನಿನ ಏರಿಕೆ, ಬಿ12 ಮತ್ತು ಫೋಲಿಕ್ ಆಮ್ಲದ ಕೊರತೆ, ಮೂಲವ್ಯಾಧಿ ಅಥವಾ ಜಠರದ ಹುಣ್ಣಿನಿಂದ ರಕ್ತಸ್ರಾವ, ಹೆಂಗಸರಲ್ಲಿ ಅತಿಯಾದ ಮುಟ್ಟು. ಡಯಾಲಿಸಿಸ್ ಮುಗಿದಾಗ ಡಯಲೈಜರ್ ಒಮ್ಮೆ ನೋಡಿ. ಅದು ಪ್ರತಿ ಸಲವೂ ಕೆಂಪಾಗಿ ಹೆಪ್ಪುಗಟ್ಟಿದ್ದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣದ ಬಗ್ಗೆ ಕೇಳಿ. ಮಲ ಕಪ್ಪಗಿದ್ದರೆ ಮುಚ್ಚಿಡಬೇಡಿ.

ಕಸಿಗೆ ಕಾಯುತ್ತಿರುವವರು ರಕ್ತ ಏರಿಸಿಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕು. ಬೇರೆಯವರ ರಕ್ತದಿಂದ ಹುಟ್ಟುವ ಪ್ರತಿಕಾಯಗಳು ಮುಂದೆ ಹೊಂದುವ ಮೂತ್ರಪಿಂಡ ಸಿಗುವುದನ್ನೇ ಕಷ್ಟವಾಗಿಸುತ್ತವೆ. ಪ್ರಾಣಕ್ಕೆ ಅಗತ್ಯವಾದಾಗ ಬೇಡವೆನ್ನುವಂತಿಲ್ಲ, "ಸ್ವಲ್ಪ ಸುಸ್ತು" ಎಂಬುದಕ್ಕಾಗಿ ಬೇಡ.

9. ತಟ್ಟೆಯಲ್ಲಿ ಏನಿರಬೇಕು

ಡಯಾಲಿಸಿಸ್‌ಗೆ ಮೊದಲು ವೈದ್ಯರು ಪ್ರೋಟೀನ್ ಕಡಿಮೆ ತಿನ್ನಿ ಎಂದಿರುತ್ತಾರೆ. ಡಯಾಲಿಸಿಸ್ ಆರಂಭವಾದ ದಿನವೇ ಆ ಸಲಹೆ ತಲೆಕೆಳಗಾಗುತ್ತದೆ, ಮನೆಯವರಿಗೆ ಮಾತ್ರ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಬೇಳೆ ಬೇಡ, ಮೊಟ್ಟೆ ಬೇಡ ಎಂದು ಬರೀ ಅನ್ನ-ತಿಳಿಸಾರಿನಲ್ಲಿ ದಿನ ದೂಡುವ ರೋಗಿಗಳು ಹೀಗೆಯೇ ಒಣಗುವುದು. ಪ್ರತಿ ಡಯಾಲಿಸಿಸ್‌ನಲ್ಲೂ ಅಮೈನೋ ಆಮ್ಲಗಳು ಸೋರಿಹೋಗುತ್ತವೆ. ಹಾಗಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20. ಸಸ್ಯಾಹಾರಿಗಳು ಬೇಳೆ, ಪನೀರ್, ಮೊಸರನ್ನು ಎಷ್ಟು ತಿನ್ನಬಹುದೆಂದು ಪೊಟ್ಯಾಸಿಯಂ, ರಂಜಕದ ವರದಿ ತೋರಿಸಿ ಆಹಾರ ತಜ್ಞರಲ್ಲಿ ಕೇಳಬೇಕು.

ಇನ್ನು ರಕ್ತ ಹೆಚ್ಚಿಸುವ ಮನೆಮದ್ದುಗಳು. ಖರ್ಜೂರ, ಒಣದ್ರಾಕ್ಷಿ, ಬೀಟ್‌ರೂಟ್ ರಸ, ದಾಳಿಂಬೆ ರಸ, ಸೊಪ್ಪಿನ ಕಷಾಯ, ಸುಸ್ತಿಗೆಂದು ಎಳನೀರು. ಪ್ರೀತಿಯಿಂದಲೇ ತಂದುಕೊಡುತ್ತಾರೆ, ನಿಜ. ಇವೆಲ್ಲ ಪೊಟ್ಯಾಸಿಯಂ ತುಂಬಿದವು. ಇಲ್ಲಿ ರಕ್ತಹೀನತೆಯ ಮುಖ್ಯ ಕಾರಣ ಹಾರ್ಮೋನಿನ ಕೊರತೆಯಾದ್ದರಿಂದ ಇವುಗಳಿಂದ ಹಿಮೋಗ್ಲೋಬಿನ್ ಏರುವ ಭರವಸೆಯಿಲ್ಲ, ಹೃದಯ ನಿಲ್ಲುವ ಅಪಾಯವಂತೂ ಇದೆ. ನೆಂಟರು ತಂದರೆ ಮನೆಯವರು ತಿನ್ನಲಿ.

10. ಕಾಯಬಾರದ ಸಂದರ್ಭಗಳು

ಮಲಗಲಾರದಷ್ಟು ಏದುಸಿರು, ಎದೆನೋವು, ಇದ್ದಕ್ಕಿದ್ದಂತೆ ಕೈಕಾಲುಗಳಲ್ಲಿ ಬಲ ಕುಂದುವುದು, ನಾಡಿ ತೀರಾ ನಿಧಾನವಾಗುವುದು ಅಥವಾ ತಪ್ಪುವುದು, ಕಪ್ಪು ಮಲ ಅಥವಾ ರಕ್ತವಾಂತಿ, ಚಳಿಜ್ವರ, ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಲ್ಲಿ ತೀವ್ರ ತಲೆನೋವಿನೊಂದಿಗೆ ಏರಿದ ರಕ್ತದೊತ್ತಡ, ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಮಿಡಿತ ಸಿಗದಿರುವುದು. ಇವು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ಸರದಿಯವರೆಗೆ ಕಾಯುವ ವಿಷಯಗಳಲ್ಲ. ಆ ಹೊತ್ತಿಗೇ ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ, ಇಲ್ಲವೇ 108ಕ್ಕೆ. ಹೊರಡುವಾಗ ಫೈಲು, ನೋಟ್‌ಬುಕ್ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.